ಗುಂಡ್ಲುಪೇಟೆ ಕ್ಷೇತ್ರ ಮತ್ತು ಶ್ರೀಮತಿ ಕೆ. ಎಸ್. ನಾಗರತ್ನಮ್ಮನವರು

‘ಕ್ಷೇತ್ರ’ ಎಂಬ ಸಂಸ್ಕೃತ ಶಬ್ದಕ್ಕೆ ನಮ್ಮ ನಾಡಿನಲ್ಲಿ ಹಲವು ಅರ್ಥಗಳು ಬಳಕೆಯಲ್ಲಿವೆ. ಬೇಸಾಯಗಾರನಿಗೆ ಅದು ಉತ್ತು ಬಿತ್ತುವ ಹೊಲ, ಯಾತ್ರಿಕನಿಗೆ ಪುಣ್ಯಸ್ಥಳ, ತತ್ತ್ವಚಿಂತಕನಿಗೆ ಆತ್ಮನು ನೆಲೆಸಿರುವ ದೇಹ. ಪ್ರಜಾಪ್ರಭುತ್ವವು ನೆಲೆಗೊಂಡ ಮೇಲೆ ಈ ಶಬ್ದಕ್ಕೆ ಮತ್ತೊಂದು ಅರ್ಥ ಸೇರಿಕೊಂಡಿತು. ಒಬ್ಬ ಪ್ರತಿನಿಧಿಯನ್ನು ಆರಿಸಿ ಶಾಸನಸಭೆಗೆ ಕಳುಹಿಸುವ ಭೂಭಾಗವೂ ಕ್ಷೇತ್ರವೆನಿಸಿತು. ಹೊಲದಂತೆ ಇದಕ್ಕೂ ಕಾಲಕಾಲಕ್ಕೆ ಬಿತ್ತನೆ ಕೊಯಿಲುಗಳುಂಟು. ದೇಹದಂತೆ ಇದಕ್ಕೂ ಬೆಳವಣಿಗೆ ಬಳಲಿಕೆಗಳುಂಟು. ಆದುದರಿಂದ ಒಂದು ಕ್ಷೇತ್ರದ ಚರಿತ್ರೆಯೆಂದರೆ ಗೆದ್ದವರ ಮತ್ತು ಸೋತವರ ಪಟ್ಟಿ ಮಾತ್ರವಲ್ಲ. ಆ ನೆಲದ ಜನ ಯಾರನ್ನು ನಂಬಿದರು, ಏತಕ್ಕಾಗಿ ನಂಬಿದರು, ಯಾವಾಗ ಆ ನಂಬಿಕೆಯನ್ನು ಹಿಂದೆಗೆದುಕೊಂಡರು ಎಂಬುದರ ವೃತ್ತಾಂತ. ಗುಂಡ್ಲುಪೇಟೆ ಕ್ಷೇತ್ರದ ವೃತ್ತಾಂತವನ್ನು ಹೇಳಹೊರಟವರು ದಿವಂಗತ ಶ್ರೀಮತಿ ಕೆ. ಎಸ್. ನಾಗರತ್ನಮ್ಮನವರ ಸಾರ್ವಜನಿಕ ಜೀವನವನ್ನು ಹೇಳದೆ ಮುಂದೆ ಸಾಗುವಂತಿಲ್ಲ. ಏಳು ಬಾರಿ ಆ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿ, ಕರ್ನಾಟಕ ವಿಧಾನಸಭೆಯ ಪ್ರಥಮ ಮಹಿಳಾ ಅಧ್ಯಕ್ಷರೆಂಬ ಕೀರ್ತಿಗೆ ಪಾತ್ರರಾದ ಆ ಮಹಿಳೆಯ ಚರಿತೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆ ನೆಲದ ಪರಿಚಯವಾಗಬೇಕು. ಮೈಸೂರಿನಿಂದ ನಂಜನಗೂಡನ್ನು ದಾಟಿ ದಕ್ಷಿಣಕ್ಕೆ ಸಾಗುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಬಂಡೀಪುರದ ಕಾಡನ್ನು ಹಾಯ್ದು ನೀಲಗಿರಿಯನ್ನೇರುತ್ತದೆ. ಮತ್ತೊಂದು ಕೇರಳದ ವಯನಾಡಿಗೆ ಇಳಿಯುತ್ತದೆ. ಮೂರು ರಾಜ್ಯಗಳು ಸಂಧಿಸುವ ಈ ತಾಲ್ಲೂಕಿನಲ್ಲಿ ಕಸಬಾ, ಬೇಗೂರು, ತೆರಕಣಾಂಬಿ, ಹಂಗಳ ಎಂಬ ಹೋಬಳಿಗಳಿವೆ. ತೆರಕಣಾಂಬಿ ಪ್ರಾಚೀನ ಕಾಲದಲ್ಲಿ ಪ್ರಸಿದ್ಧ ಪಟ್ಟಣವಾಗಿತ್ತು. ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣೆಗಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ನೆರೆಯ ಚಾಮರಾಜನಗರದ ಹಿಂದಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಊರೆಂಬ ಕಾರಣದಿಂದ ಅದಕ್ಕೆ ಇಂದಿನ ಹೆಸರನ್ನಿತ್ತರು. ಇಷ್ಟೆಲ್ಲ ರಾಜಗೌರವವಿದ್ದರೂ ಬೇಸಾಯಗಾರನ ಬಾಳು ಇಲ್ಲಿ ಸುಲಭವಾಗಿರಲಿಲ್ಲ. ರಾಗಿ, ಜೋಳ, ಹುರುಳಿಗಳು ಮುಗಿಲ ಕಡೆ ನೋಡಿಯೇ ಬೆಳೆಯಬೇಕು. ಕಾಡಂಚಿನ ಹೊಲಗಳಲ್ಲಿ ಬೆಳೆದುದನ್ನು ಆನೆಗಳಿಂದಲೂ ಹಂದಿಗಳಿಂದಲೂ ಕಾಯಬೇಕು. ರೈಲು ಚಾಮರಾಜನಗರದವರೆಗೆ ಬಂದಿತಾದರೂ ಗುಂಡ್ಲುಪೇಟೆಗೆ ಬರಲಿಲ್ಲ.

ಇಂತಹ ಸೀಮೆಯ ಜನರಿಗೆ ಪ್ರಾತಿನಿಧ್ಯವೆಂಬುದು ತೀರ ಹೊಸತಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ೧೮೮೧ರ ದಸರಾ ಸಂದರ್ಭದಲ್ಲಿ, ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ೧೪೪ ಸದಸ್ಯರೊಂದಿಗೆ ಮೊದಲ ಬಾರಿ ಸೇರಿತು. ತಾಲ್ಲೂಕುಗಳ ರೈತರೂ ವರ್ತಕರೂ ಅಲ್ಲಿ ಕುಳಿತು ಕೆರೆ, ಕಾಲುವೆ, ಕಂದಾಯಗಳ ಅಹವಾಲನ್ನು ದಿವಾನರ ಮುಂದಿಡುತ್ತಿದ್ದರು. ಆದರೆ ಅದು ಅರಿಕೆ ಮಾಡಿಕೊಳ್ಳುವ ಸಭೆ, ಆಜ್ಞಾಪಿಸುವ ಸಭೆಯಲ್ಲ. ಮತದ ಹಕ್ಕು ಆಸ್ತಿವಂತರಾದ ಕೆಲವರಿಗೆ ಮಾತ್ರ. ೧೯೨೩ರ ಕಾನೂನಿನಿಂದ ಸ್ತ್ರೀಯರಿಗಿದ್ದ ಅಡ್ಡಿ ತೊಲಗಿತಾದರೂ ಆಸ್ತಿಯ ಅರ್ಹತೆಯನ್ನು ಹೊಂದಿದ್ದ ಸ್ತ್ರೀಯರು ಎಷ್ಟು ಮಂದಿ? ಸ್ವಾತಂತ್ರ್ಯಾನಂತರ ೧೯೫೨ರ ಪ್ರಥಮ ಮಹಾಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ದೊರೆಯಿತು. ಕೂಲಿಯವನಿಗೂ ಜಮೀನ್ದಾರನಿಗೂ, ಗಂಡಿಗೂ ಹೆಣ್ಣಿಗೂ ಒಂದೇ ತೂಕದ ಒಂದೊಂದು ಮತ. ೧೯೫೬ರ ನವೆಂಬರ್ ೧ರಂದು ಕನ್ನಡ ಪ್ರದೇಶಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಹೊಸ ರಾಜ್ಯದ ವಿಧಾನಸಭೆಗೆ ೨೦೮ ಸ್ಥಾನಗಳು ಗೊತ್ತಾದವು. ಆ ಸ್ಥಾನಗಳಿಗಾಗಿ ೧೯೫೭ರಲ್ಲಿ ನಡೆದ ಚುನಾವಣೆಯೇ ನಾಗರತ್ನಮ್ಮನವರು ಜನರೆದುರಿಗೆ ಬಂದು ನಿಂತ ಸಂದರ್ಭ.

ಆ ಚುನಾವಣೆಯ ಹಿನ್ನೆಲೆಯನ್ನು ಇಂದಿನ ತರುಣರು ಊಹಿಸಿಕೊಳ್ಳಬೇಕು. ಸ್ವಾತಂತ್ರ್ಯವನ್ನು ತಂದುಕೊಟ್ಟ ಪಕ್ಷವೆಂಬ ಹಿರಿಮೆ ಕಾಂಗ್ರೆಸ್ಸಿಗಿತ್ತು. ಕರ್ನಾಟಕದ ಏಕೀಕರಣವೂ ಆಗತಾನೇ ಕೈಗೂಡಿತ್ತು. ರಾಜ್ಯದ ೨೦೮ ಸ್ಥಾನಗಳಲ್ಲಿ ೧೫೦ ಸ್ಥಾನಗಳು ಆ ಪಕ್ಷದ ಪಾಲಾದವು. ಅಂತಹ ಪ್ರವಾಹದ ನಡುವೆ ಗುಂಡ್ಲುಪೇಟೆಯಲ್ಲಿ ಯಾವ ಪಕ್ಷದ ಆಶ್ರಯವೂ ಇಲ್ಲದೆ, ಪಕ್ಷೇತರ ಅಭ್ಯರ್ಥಿಯಾಗಿ ನಿಂತ ಒಬ್ಬ ಮಹಿಳೆ ಜಯಶಾಲಿಯಾದರು. ಹಳ್ಳಿಯ ಚಾವಡಿಯಲ್ಲಿ ಹೆಣ್ಣುಮಕ್ಕಳು ಹಿರಿಯರ ಎದುರಿಗೆ ನಿಂತು ಮಾತನಾಡುವುದೇ ಅಪರೂಪವಾಗಿದ್ದ ಕಾಲವದು. ಪಂಚಾಯ್ತಿಯ ಕಟ್ಟೆಯ ಮೇಲೆ ಗಂಡಸರಿಗೆ ಮಾತ್ರ ಜಾಗವಿತ್ತು. ಬೇಸಾಯವನ್ನೇ ನೆಚ್ಚಿದ, ಸಂಪ್ರದಾಯವನ್ನು ಬಿಡದ ಒಂದು ಗಡಿ ತಾಲ್ಲೂಕು ಬಲಿಷ್ಠವಾದ ಪಕ್ಷವನ್ನೂ ಬದಿಗಿರಿಸಿ, ರೂಢಿಯನ್ನೂ ಬದಿಗಿರಿಸಿ ಒಬ್ಬ ಸ್ತ್ರೀಯನ್ನು ತನ್ನ ಮಾತಿಗೆ ಬಾಯಾಗಿ ವಿಧಾನಸೌಧಕ್ಕೆ ಕಳುಹಿಸಿತೆಂಬುದು ಅಂದಿನ ಮಟ್ಟಿಗೆ ಅಸಾಮಾನ್ಯ ಸಂಗತಿ. ಓದಿದವರು ಮುಂದೆ, ಹಳ್ಳಿಯವರು ಹಿಂದೆ ಎಂದು ಎಣಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಆ ಜಯ ಕೇವಲ ಆಕಸ್ಮಿಕವಾಗಿದ್ದರೆ ಐದು ವರ್ಷಗಳಲ್ಲಿ ಮಾಸಿಹೋಗುತ್ತಿತ್ತು. ಹಾಗಾಗಲಿಲ್ಲ. ೧೯೬೨ರಲ್ಲಿಯೂ ೧೯೬೭ರಲ್ಲಿಯೂ ೧೯೭೨ರಲ್ಲಿಯೂ ಗುಂಡ್ಲುಪೇಟೆಯ ಮತದಾರರು ಅವರನ್ನೇ ಆರಿಸಿದರು. ಸತತವಾಗಿ ನಾಲ್ಕು ಬಾರಿ ಒಬ್ಬರನ್ನೇ ಆರಿಸುವುದೆಂದರೆ, ಮೊದಲ ಚುನಾವಣೆಯಲ್ಲಿ ತಾಯಿಯ ತೊಡೆಯ ಮೇಲಿದ್ದ ಮಗು ನಾಲ್ಕನೆಯ ಚುನಾವಣೆಯ ವೇಳೆಗೆ ಪ್ರೌಢಶಾಲೆಯನ್ನು ಮುಗಿಸುವ ವಯಸ್ಸನ್ನು ಮುಟ್ಟಿರುತ್ತದೆ. ಈ ನಡುವೆ ರಾಜ್ಯದ ರಾಜಕಾರಣದಲ್ಲಿ ಶ್ರೀಮತಿ ಯಶೋಧರಮ್ಮ ದಾಸಪ್ಪನವರಂತಹ ಮಹಿಳೆಯರು ಮಂತ್ರಿಪದವಿಯನ್ನೂ ಅಲಂಕರಿಸಿದರು. ೧೯೬೯ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾಗಿ ನಾಯಕರೂ ಕಾರ್ಯಕರ್ತರೂ ಎರಡು ಪಾಳೆಯಗಳಾಗಿ ಒಡೆದರು. ೧೯೭೨ರ ಚುನಾವಣೆಯ ಬಳಿಕ ಹುಣಸೂರಿನ ಶ್ರೀ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ಅದೇ ವರ್ಷದ ಮಾರ್ಚ್ ೨೪ರಂದು ನಾಗರತ್ನಮ್ಮನವರು ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿದರು. ಅಂದಿನ ಮೈಸೂರು ಜಿಲ್ಲೆಯ ಎರಡು ಕಾಡಂಚಿನ ತಾಲ್ಲೂಕುಗಳಲ್ಲಿ ಒಂದರಿಂದ ಆಡಳಿತದ ಮುಖ್ಯಸ್ಥರೂ ಇನ್ನೊಂದರಿಂದ ಶಾಸನಸಭೆಯ ಮುಖ್ಯಸ್ಥರೂ ಬಂದಂತಾಯಿತು.

ಭಾರತದ ಯಾವುದೇ ವಿಧಾನಸಭೆಯ ಅಧ್ಯಕ್ಷಪೀಠವನ್ನೇರಿದ ಪ್ರಥಮ ಮಹಿಳೆ ಹರಿಯಾಣದ ಶ್ರೀಮತಿ ಶನ್ನೋ ದೇವಿ, ಅದು ೧೯೬೬ರಲ್ಲಿ. ಅವರಾದ ಆರೇ ವರ್ಷಗಳಲ್ಲಿ ಕನ್ನಡನಾಡಿಗೆ ಆ ಗೌರವ ಸಂದಿತು. ದೆಹಲಿಯ ಲೋಕಸಭೆಗೆ ಮಹಿಳಾ ಅಧ್ಯಕ್ಷರು ದೊರೆಯಲು ೨೦೦೯ರವರೆಗೆ ಕಾಯಬೇಕಾಯಿತು. ಇದನ್ನು ಕಂಡಾಗ ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದ ನೆನಪಾಗುವುದು ಸಹಜ. ಅಲ್ಲಿ ಶರಣೆಯರು ಶರಣರಿಗೆ ಸರಿಸಮಾನರಾಗಿ ಕುಳಿತು ಪ್ರಶ್ನಿಸಿದರು, ಉತ್ತರಿಸಿದರು. ಶೂನ್ಯಪೀಠದಲ್ಲಿದ್ದ ಅಲ್ಲಮಪ್ರಭುಗಳು ಎಲ್ಲರ ಮಾತನ್ನೂ ಆಲಿಸಿದರು. ಸಭೆಯ ಮಧ್ಯೆ ನಿಂತು ಮಾತನಾಡುವ ಸ್ತ್ರೀಯನ್ನು ಕನ್ನಡ ನಾಡು ಎಂಟು ಶತಮಾನಗಳ ಹಿಂದೆಯೇ ಕಂಡಿತ್ತು. ಸಭೆಯನ್ನೇ ನಡೆಸುವ ಸ್ತ್ರೀಯನ್ನು ಅದು ಶಾಸನಸಭೆಯಲ್ಲಿ ಕಂಡುದು ೧೯೭೨ರಲ್ಲಿ.

ಅಧ್ಯಕ್ಷಪೀಠದ ಧರ್ಮವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಏಕೆಂದರೆ ನಾಗರತ್ನಮ್ಮನವರ ಜೀವನದ ಬಹು ದೊಡ್ಡ ಸಂದಿಗ್ಧ ಅದರಲ್ಲಿಯೇ ಅಡಗಿದೆ. ಸಂವಿಧಾನದ ೧೭೮ನೆಯ ಅನುಚ್ಛೇದದ ಪ್ರಕಾರ ಸದಸ್ಯರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ. ಆರಿಸಿದ ಮೇಲೆ ಅವರು ಯಾವ ಪಾರ್ಶ್ವಕ್ಕೂ ಸೇರಿದವರಲ್ಲ. ಯಾರು ಮಾತನಾಡಬೇಕು, ಎಷ್ಟು ಹೊತ್ತು ಮಾತನಾಡಬೇಕು, ಯಾವ ಮಾತು ಕಡತದಲ್ಲಿರಬೇಕು, ಯಾವುದು ಇರಬಾರದು ಎಂಬುದೆಲ್ಲ ಅವರ ತೀರ್ಮಾನ. ಆದರೆ ಅವರು ಚರ್ಚೆಯಲ್ಲಿ ಪಕ್ಷ ವಹಿಸುವಂತಿಲ್ಲ. ಮಂತ್ರಿಗಳಿಗೆ ಪ್ರಶ್ನೆ ಕೇಳುವಂತಿಲ್ಲ. ೧೮೯ನೆಯ ಅನುಚ್ಛೇದದಂತೆ ಮತಗಳು ಸಮಸಮವಾದಾಗ ಮಾತ್ರ ಅವರಿಗೆ ನಿರ್ಣಾಯಕ ಮತವುಂಟು. ಸಭೆಯಲ್ಲಿ ಎಲ್ಲರ ಮಾತಿಗೂ ಅವಕಾಶ ಕೊಡುವವರು ತಾವು ಮಾತ್ರ ಮೌನವಾಗಿರಬೇಕು. ಉಳಿದ ಶಾಸಕರು ತಮ್ಮ ತಮ್ಮ ತಾಲ್ಲೂಕಿನ ಕೆರೆಯ ಹೂಳು, ಶಾಲೆಯ ಕಟ್ಟಡ, ಬಸ್ಸಿನ ಕೊರತೆಗಳನ್ನು ಎದ್ದು ನಿಂತು ಹೇಳುತ್ತಿದ್ದಾಗ ಗುಂಡ್ಲುಪೇಟೆಯ ಪ್ರತಿನಿಧಿ ಪೀಠದಲ್ಲಿ ಕುಳಿತು ಅದನ್ನು ಆಲಿಸಬೇಕಾಗಿತ್ತು. ಒಂದು ಕ್ಷೇತ್ರದ ಪಾಲಿಗೆ ಇದು ಅತ್ಯುನ್ನತ ಗೌರವವೂ ಹೌದು, ಒಂದು ಬಗೆಯ ತ್ಯಾಗವೂ ಹೌದು.

ಆ ಮೌನದ ಪೀಠದಿಂದ ಅವರು ನಡೆಸಿಕೊಟ್ಟ ಕಾರ್ಯಕಲಾಪಗಳಾದರೂ ಸಾಮಾನ್ಯವಾದುವಲ್ಲ. ೧೯೭೨ರ ಜುಲೈ ತಿಂಗಳಿನಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ನಿರ್ಣಯ ವಿಧಾನಸಭೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು. ಹಳೆಯ ಮೈಸೂರಿನ ಹಲವರಿಗೆ ಏಕೀಕರಣದ ಬಗ್ಗೆಯೂ ಹೆಸರಿನ ಬಗ್ಗೆಯೂ ಮೊದಮೊದಲು ಅಳುಕಿತ್ತು. ಒಡೆಯರ ಆಳ್ವಿಕೆಯೊಂದಿಗೆ ಬೆಸೆದುಕೊಂಡ ಮೈಸೂರು ಎಂಬ ಹೆಸರನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ. ಅರಸರ ಹೆಸರನ್ನೇ ಹೊತ್ತಿರುವ ಚಾಮರಾಜನಗರದ ನೆರೆಯವರೂ, ಹಳೆಯ ಮೈಸೂರಿನ ದಕ್ಷಿಣದ ತುದಿಯವರೂ ಆದ ಒಬ್ಬ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿಯೇ ಆ ನಿರ್ಣಯ ಅಂಗೀಕೃತವಾದುದು ಅರ್ಥಪೂರ್ಣವಾಗಿದೆ. ಸಂಸತ್ತಿನ ಶಾಸನವಾಗಿ ೧೯೭೩ರ ನವೆಂಬರ್ ೧ರಂದು ಹೊಸ ಹೆಸರು ಜಾರಿಗೆ ಬಂದಿತು. ಮೈಸೂರು ವಿಧಾನಸಭೆಯ ಅಧ್ಯಕ್ಷರಾಗಿ ಪೀಠವನ್ನೇರಿದವರು ಕರ್ನಾಟಕ ವಿಧಾನಸಭೆಯ ಅಧ್ಯಕ್ಷರಾಗಿ ಅಲ್ಲಿಂದ ಇಳಿದರು.

ಎರಡನೆಯದು ಭೂಸುಧಾರಣೆ. ೧೯೭೩ರಲ್ಲಿ ರೂಪುಗೊಂಡು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ತಿದ್ದುಪಡಿ ಶಾಸನದಿಂದ ಗೇಣಿದಾರರು ಉಳುತ್ತಿದ್ದ ಭೂಮಿ ಸರ್ಕಾರದ ವಶವಾಗಿ, ಉಳುವವನೇ ಅದರ ಒಡೆತನವನ್ನು ಕೋರಿ ಅರ್ಜಿ ಸಲ್ಲಿಸುವ ಹಕ್ಕನ್ನು ಪಡೆದನು. ತಾಲ್ಲೂಕು ತಾಲ್ಲೂಕಿಗೂ ಭೂನ್ಯಾಯಮಂಡಲಿಗಳು ಸ್ಥಾಪನೆಯಾದವು. ಒಂದು ಕಡೆ ತಲೆತಲಾಂತರದಿಂದ ಭೂಮಿಯನ್ನು ಹೊಂದಿದ್ದವರ ಆತಂಕ, ಮತ್ತೊಂದು ಕಡೆ ತಲೆತಲಾಂತರದಿಂದ ಗೇಣಿ ಕೊಟ್ಟು ಬಳಲಿದವರ ಆಸೆ. ಇವೆರಡೂ ಸಭೆಯಲ್ಲಿ ಮುಖಾಮುಖಿಯಾದವು. ೧೯೭೨ರಲ್ಲಿಯೇ ನೇಮಕವಾದ ಶ್ರೀ ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ೧೯೭೫ರಲ್ಲಿ ವರದಿಯನ್ನು ಸಲ್ಲಿಸಿದಾಗಲೂ ನಾಡಿನಲ್ಲಿ ಇಂತಹುದೇ ಕೋಲಾಹಲ. ಇವುಗಳ ನಡುವೆ ಸಭೆಯ ಶಿಸ್ತನ್ನು ಕಾಯುವ ಹೊಣೆ ಆರು ವರ್ಷಗಳ ಕಾಲ ಒಬ್ಬ ಮಹಿಳೆಯ ಹೆಗಲ ಮೇಲಿತ್ತು. ೧೯೭೫ರ ಜೂನ್‌ನಿಂದ ೧೯೭೭ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯೂ ಇದೇ ಅವಧಿಯಲ್ಲಿ ಬಂದಿತು. ಮಾತಿಗೇ ಕಡಿವಾಣ ಬಿದ್ದಿದ್ದ ಆ ದಿನಗಳಲ್ಲಿ ಆಳುವ ಪಕ್ಷದಿಂದ ಬಂದು ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿರುವುದು ಯಾರಿಗಾದರೂ ಕಠಿನ ಪರೀಕ್ಷೆಯೇ. ೧೯೭೭ರ ಡಿಸೆಂಬರ್ ೩೧ರಂದು ಅರಸರ ಸರ್ಕಾರ ಪದಚ್ಯುತವಾಗಿ ರಾಷ್ಟ್ರಪತಿ ಆಳ್ವಿಕೆ ಬಂದಿತು. ಸಭೆ ವಿಸರ್ಜನೆಯಾದರೂ ಅಧ್ಯಕ್ಷರ ಪದವಿ ಒಡನೆಯೇ ತೆರವಾಗದೆಂಬ ಸಂವಿಧಾನದ ನಿಯಮದಂತೆ ಅವರು ೧೯೭೮ರ ಮಾರ್ಚ್‌ವರೆಗೆ ಆ ಸ್ಥಾನದಲ್ಲಿದ್ದರು.

ಗುಂಡ್ಲುಪೇಟೆಯಲ್ಲಿಯೂ ಈ ಅವಧಿ ಬದಲಾವಣೆಯ ಅವಧಿಯಾಗಿತ್ತು. ೧೯೭೩ರಲ್ಲಿ ಹುಲಿ ಯೋಜನೆ ಪ್ರಾರಂಭವಾದಾಗ ದೇಶದ ಮೊದಲ ಒಂಬತ್ತು ರಕ್ಷಿತಾರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು. ಜಗತ್ತಿನ ಕಣ್ಣಿಗೆ ಬಂಡೀಪುರ ಹುಲಿಯ ನೆಲೆಯಾಗಿ ಬೆಳಗಿತು. ಆದರೆ ಅದರ ಅಂಚಿನ ಹಳ್ಳಿಗರಿಗೆ ಅದು ದನಕರು ಮೇಯುತ್ತಿದ್ದ ಕಾವಲು, ಸೌದೆ ತರುತ್ತಿದ್ದ ಕಾಡು. ಸೋಲಿಗರಿಗೂ ಜೇನುಕುರುಬರಿಗೂ ಅದೇ ಮನೆ. ಕಾಡೂ ಉಳಿಯಬೇಕು, ಕಾಡಂಚಿನವರೂ ಬದುಕಬೇಕು ಎಂಬ ಸಮಸ್ಯೆ ಅಂದಿನಿಂದ ಈ ಕ್ಷೇತ್ರವನ್ನು ಬಿಡದೆ ಕಾಡಿದೆ. ಅದೇ ಕಾಲದಲ್ಲಿ ಕ್ಷೇತ್ರದ ಪ್ರತಿನಿಧಿ ಪೀಠಧರ್ಮಕ್ಕೆ ಬದ್ಧರಾಗಿದ್ದರು.

೧೯೭೮ರ ಚುನಾವಣೆ ಬಂದಿತು. ಈಗ ವಿಧಾನಸಭೆಯ ಸ್ಥಾನಗಳು ೨೨೪. ರಾಜ್ಯದಾದ್ಯಂತ ಇಂದಿರಾ ಕಾಂಗ್ರೆಸ್ ೧೪೯ ಸ್ಥಾನಗಳನ್ನು ಗೆದ್ದು ಅರಸರು ಮತ್ತೆ ಅಧಿಕಾರಕ್ಕೆ ಬಂದರು. ಆದರೆ ಗುಂಡ್ಲುಪೇಟೆ ಜನತಾ ಪಕ್ಷದ ಶ್ರೀ ಎಚ್. ಕೆ. ಶಿವರುದ್ರಪ್ಪನವರನ್ನು ಆರಿಸಿತು. ಇಪ್ಪತ್ತೊಂದು ವರ್ಷಗಳ ಒಡನಾಟಕ್ಕೆ ತಡೆಯುಂಟಾಯಿತು. ನಾಡಿನ ಅತ್ಯುನ್ನತ ಸಭಾಸ್ಥಾನವನ್ನು ಅಲಂಕರಿಸಿದವರ ಕ್ಷೇತ್ರ ಅವರನ್ನು ಮರಳಿ ಕಳುಹಿಸಲಿಲ್ಲ. ಇದನ್ನು ಕೃತಘ್ನತೆಯೆಂದು ಕರೆಯುವುದು ಸರಿಯಲ್ಲ. ಮತದಾರನಿಗೆ ಗೌರವದ ಬೆಲೆಯೂ ಗೊತ್ತು, ಕೆರೆಯ ನೀರಿನ ಬೆಲೆಯೂ ಗೊತ್ತು. ಯಾವ ವರ್ಷ ಯಾವುದನ್ನು ತೂಗಬೇಕೆಂಬುದು ಅವನ ಅಧಿಕಾರ. ಕೆಲವು ದೇಶಗಳಲ್ಲಿ ಸಭಾಧ್ಯಕ್ಷರಾದವರ ಎದುರು ದೊಡ್ಡ ಪಕ್ಷಗಳು ಅಭ್ಯರ್ಥಿಯನ್ನು ನಿಲ್ಲಿಸದಿರುವ ಪದ್ಧತಿಯಿದೆ. ನಮ್ಮಲ್ಲಿ ಅಂತಹ ಸಂಪ್ರದಾಯ ಬೆಳೆಯಲಿಲ್ಲ. ಪೀಠದಲ್ಲಿ ನಿಷ್ಪಕ್ಷಪಾತಿಯಾಗಿರಬೇಕಾದವರು ಐದು ವರ್ಷ ಕಳೆಯುತ್ತಲೇ ಪಕ್ಷದ ಬಾವುಟವನ್ನು ಹಿಡಿದು ಹಳ್ಳಿ ಹಳ್ಳಿ ಅಲೆಯಬೇಕು. ಪೀಠದ ಗೌರವವನ್ನು ಕುರಿತು ಚಿಂತಿಸುವವರು ಗುಂಡ್ಲುಪೇಟೆಯ ಈ ಉದಾಹರಣೆಯನ್ನು ಪರಿಶೀಲಿಸಬೇಕಾಗಿದೆ.

ಅಧಿಕಾರ ತಪ್ಪಿದೊಡನೆ ಜನರಿಂದ ದೂರವಾಗುವವರು ಅನೇಕರು. ನಾಗರತ್ನಮ್ಮನವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ೧೯೮೩ರಲ್ಲಿ ರಾಜ್ಯದಲ್ಲಿ ಮೊಟ್ಟಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ, ಶ್ರೀ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಚಿತವಾಯಿತು. ಆ ಪರಿವರ್ತನೆಯ ವರ್ಷದಲ್ಲಿಯೇ ಗುಂಡ್ಲುಪೇಟೆ ಕಾಂಗ್ರೆಸ್ಸಿನ ನಾಗರತ್ನಮ್ಮನವರನ್ನು ಮರಳಿ ಆರಿಸಿತು. ೧೯೮೫ರಲ್ಲಿ ಜನತಾ ಪಕ್ಷ ೧೩೯ ಸ್ಥಾನಗಳನ್ನು ಪಡೆದು ಕಾಂಗ್ರೆಸ್ ೬೫ಕ್ಕೆ ಇಳಿದಾಗಲೂ ಆ ಅರವತ್ತೈದರಲ್ಲಿ ಗುಂಡ್ಲುಪೇಟೆಯೂ ಒಂದು. ಆ ವಿಧಾನಸಭೆಯ ಅವಧಿಯಲ್ಲಿ ಅವರು ವಿರೋಧಪಕ್ಷದ ನಾಯಕಿಯ ಸ್ಥಾನವನ್ನೂ ವಹಿಸಿದರು. ಆ ಸ್ಥಾನಕ್ಕೂ ಅವರೇ ರಾಜ್ಯದ ಪ್ರಥಮ ಮಹಿಳೆ. ಹಿಂದೆ ಪೀಠದಲ್ಲಿ ಮೌನವಾಗಿ ಕುಳಿತವರು ಈಗ ಅದೇ ಸಭಾಂಗಣದಲ್ಲಿ ಪೀಠದ ಎದುರು ನಿಂತು ಸರ್ಕಾರವನ್ನು ಪ್ರಶ್ನಿಸುವವರಾದರು. ೧೯೮೯ರಲ್ಲಿ ಏಳನೆಯ ಬಾರಿಗೆ ಆಯ್ಕೆಯಾದರು. ಆ ಅವಧಿ ಮುಗಿಯುವ ಮುನ್ನವೇ, ೧೯೯೩ರಲ್ಲಿ, ನಿಧನ ಹೊಂದಿದರು.

ಈ ಏಳು ಗೆಲವುಗಳನ್ನೂ ಒಂದು ಸೋಲನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕ್ಷೇತ್ರದ ಸ್ವಭಾವ ಸ್ಪಷ್ಟವಾಗುತ್ತದೆ. ಕಾಂಗ್ರೆಸ್ಸಿನ ಪ್ರವಾಹವಿದ್ದ ೧೯೫೭ರಲ್ಲಿ ಅದು ಪಕ್ಷೇತರರನ್ನು ಆರಿಸಿತು. ಇಂದಿರಾ ಕಾಂಗ್ರೆಸ್ಸಿನ ಪ್ರವಾಹವಿದ್ದ ೧೯೭೮ರಲ್ಲಿ ಜನತಾ ಪಕ್ಷವನ್ನು ಆರಿಸಿತು. ಜನತಾ ಪಕ್ಷದ ಪ್ರವಾಹವಿದ್ದ ೧೯೮೫ರಲ್ಲಿ ಕಾಂಗ್ರೆಸ್ಸನ್ನು ಆರಿಸಿತು. ರಾಜಧಾನಿಯಲ್ಲಿ ಬೀಸುವ ಗಾಳಿ ಗುಂಡ್ಲುಪೇಟೆಯವರೆಗೆ ಬರುವುದಿಲ್ಲವೆಂದಲ್ಲ. ಬಂದರೂ ಇಲ್ಲಿನವರು ಪಕ್ಷದ ಚಿಹ್ನೆಗಿಂತ ಮೊದಲು ವ್ಯಕ್ತಿಯ ಮುಖವನ್ನು ನೋಡಿದರು. ಅವರ ನಿಧನಾನಂತರದ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ೧೯೯೪ರಲ್ಲಿ ಆಯ್ಕೆಯಾದ ಶ್ರೀ ಎಚ್. ಎಸ್. ಮಹದೇವಪ್ರಸಾದರು ೧೯೯೯, ೨೦೦೪, ೨೦೦೮, ೨೦೧೩ರಲ್ಲಿಯೂ ಗೆದ್ದರು. ಈ ನಡುವೆ ಪಕ್ಷಗಳು ಬದಲಾದವು, ಪ್ರತಿನಿಧಿ ಬದಲಾಗಲಿಲ್ಲ. ಸಚಿವರಾಗಿದ್ದಾಗಲೇ ಅವರು ೨೦೧೭ರ ಜನವರಿಯಲ್ಲಿ ನಿಧನರಾದರು. ಅದೇ ವರ್ಷದ ಉಪಚುನಾವಣೆಯಲ್ಲಿ ಅವರ ಪತ್ನಿ ಶ್ರೀಮತಿ ಗೀತಾ ಮಹದೇವಪ್ರಸಾದ್ ಆಯ್ಕೆಯಾಗಿ, ನಾಗರತ್ನಮ್ಮನವರ ತರುವಾಯ ಮತ್ತೊಮ್ಮೆ ಮಹಿಳೆಯೊಬ್ಬರು ಈ ಕ್ಷೇತ್ರವನ್ನು ಪ್ರತಿನಿಧಿಸಿದರು. ೨೦೧೮ರಲ್ಲಿ ಶ್ರೀ ಸಿ. ಎಸ್. ನಿರಂಜನಕುಮಾರ್, ೨೦೨೩ರಲ್ಲಿ ಶ್ರೀ ಎಚ್. ಎಂ. ಗಣೇಶಪ್ರಸಾದ್ ಚುನಾಯಿತರಾದರು. ೧೯೫೭ರಿಂದ ೨೦೧೬ರವರೆಗಿನ ಅರವತ್ತು ವರ್ಷಗಳಲ್ಲಿ ನಡೆದ ಹದಿಮೂರು ಸಾರ್ವತ್ರಿಕ ಚುನಾವಣೆಗಳ ಪೈಕಿ ಹನ್ನೆರಡನ್ನು ಇಬ್ಬರೇ ಗೆದ್ದರೆಂದರೆ ಈ ನೆಲದ ನಿಷ್ಠೆ ಎಂತಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಿಷ್ಠೆಗೆ ಒಂದು ಅಪಾಯವೂ ಉಂಟು. ವ್ಯಕ್ತಿಯನ್ನು ನಂಬಿ ನಡೆಯುವ ಜನ ತಮ್ಮ ಹಕ್ಕನ್ನು ಆ ವ್ಯಕ್ತಿಯ ಕೃಪೆಯೆಂದು ಭ್ರಮಿಸಬಹುದು. ಗುಂಡ್ಲುಪೇಟೆಯವರು ಹಾಗೆ ಭ್ರಮಿಸಲಿಲ್ಲವೆಂಬುದಕ್ಕೆ ೧೯೭೮ರ ತೀರ್ಪೇ ಸಾಕ್ಷಿ. ಕೊಟ್ಟುದನ್ನು ಹಿಂದೆಗೆದುಕೊಳ್ಳಬಲ್ಲವರು ಕೊಟ್ಟಾಗ ಮಾತ್ರ ಆ ಕೊಡುಗೆಗೆ ಬೆಲೆ. ಆದ್ದರಿಂದ ೧೯೮೩ರಲ್ಲಿ ನಾಗರತ್ನಮ್ಮನವರಿಗೆ ಮರಳಿ ದೊರೆತ ಜಯ ೧೯೭೨ರವರೆಗಿನ ನಾಲ್ಕು ಜಯಗಳಿಗಿಂತಲೂ ಮಿಗಿಲಾದುದೆಂದು ಈ ಲೇಖಕನ ಭಾವನೆ.

ಅವರು ಕಾಣದೆ ಹೋದ ಒಂದು ಸಂಗತಿಯಿದೆ. ೧೯೯೭ರ ಆಗಸ್ಟ್ ೧೫ರಂದು ಮೈಸೂರು ಜಿಲ್ಲೆ ವಿಭಜನೆಯಾಗಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಗುಂಡ್ಲುಪೇಟೆ ಅದರ ತಾಲ್ಲೂಕಾಗಿ ಸೇರಿತು. ಜಿಲ್ಲಾ ಕಚೇರಿಗಾಗಿ ಮೈಸೂರಿನವರೆಗೆ ಅಲೆಯುವುದು ತಪ್ಪಿತು. ಮತ್ತೊಂದು ಸಂಗತಿ ಇಡೀ ದೇಶಕ್ಕೆ ಸಂಬಂಧಿಸಿದುದು. ೨೦೨೩ರಲ್ಲಿ ಸಂವಿಧಾನದ ೧೦೬ನೆಯ ತಿದ್ದುಪಡಿ ಅಂಗೀಕಾರವಾಗಿ, ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನಗಳನ್ನು ಮೀಸಲಿಡಬೇಕೆಂದು ವಿಧಿಸಲಾಯಿತು. ಸಂವಿಧಾನ ವಿಧಿಸುವುದಕ್ಕೆ ಅರವತ್ತಾರು ವರ್ಷ ಮೊದಲು, ಯಾವ ಮೀಸಲಾತಿಯೂ ಇಲ್ಲದೆ, ಬೇಸಾಯಗಾರರ ತಾಲ್ಲೂಕೊಂದು ಅದನ್ನು ಸ್ವಇಚ್ಛೆಯಿಂದ ಆಚರಿಸಿ ತೋರಿಸಿತ್ತು. ಆದರೆ ೧೯೭೮ರ ತರುವಾಯ ಕರ್ನಾಟಕ ವಿಧಾನಸಭೆಯ ಅಧ್ಯಕ್ಷಪೀಠವನ್ನು ಎರಡನೆಯ ಮಹಿಳೆ ಏರಿಲ್ಲವೆಂಬುದನ್ನೂ ನೆನೆಯಬೇಕು. ಮೊದಲಿಗರೆಂಬ ಹೊಗಳಿಕೆ ನಾಗರತ್ನಮ್ಮನವರಿಗೆ ಸಲ್ಲುತ್ತದೆ. ಅವರೊಬ್ಬರೇ ಉಳಿದರೆಂಬ ಕೊರತೆ ನಮಗೆ ಸಲ್ಲುತ್ತದೆ.

ವಿದ್ಯಾಸಂಸ್ಥೆಗಳ ಪೋಷಕರೂ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ಈ ಸಂಚಿಕೆಯನ್ನು ಓದುವವರಾದುದರಿಂದ ಒಂದು ಮಾತನ್ನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಶಾಲೆಗಳಲ್ಲಿ ಪೌರನೀತಿಯ ಪಾಠ ಬಂದಾಗ ವಿಧಾನಸಭೆ, ಅಧ್ಯಕ್ಷರು, ಸದಸ್ಯರು ಎಂಬ ಶಬ್ದಗಳನ್ನು ಮಕ್ಕಳು ಕಂಠಪಾಠ ಮಾಡುತ್ತಾರೆ. ಅವು ಎಲ್ಲೋ ದೂರದ ಬೆಂಗಳೂರಿನ ಸಂಗತಿಗಳೆಂದು ಭಾವಿಸುತ್ತಾರೆ. ಆ ಪೀಠದಲ್ಲಿ ಆರು ವರ್ಷ ಕುಳಿತವರು ತೆರಕಣಾಂಬಿ, ಬೇಗೂರು, ಹಂಗಳದ ರೈತರ ಮತದಿಂದ ಅಲ್ಲಿಗೆ ಹೋದವರೆಂದು ಅಧ್ಯಾಪಕರು ಆ ಪಾಠದ ದಿನ ಹೇಳಲಿ. ಬಾಲಕಿಯರ ಚರ್ಚಾಸ್ಪರ್ಧೆಯೊಂದಕ್ಕೆ ಅವರ ಹೆಸರಿನ ಪಾರಿತೋಷಕವನ್ನು ಸ್ಥಾಪಿಸಲು ಯಾರಾದರೂ ದಾನಿಗಳು ಮುಂದೆ ಬಂದರೆ ಅದಕ್ಕಿಂತ ಉಚಿತವಾದ ಸ್ಮಾರಕ ಬೇರೆ ಬೇಕಾಗಿಲ್ಲ. ಎದ್ದು ನಿಂತು ಮಾತನಾಡಲು ಮೊದಲ ಬಾರಿಗೆ ಅಳುಕುವ ಹುಡುಗಿಗೆ, ಈ ಸೀಮೆಯ ಹೆಂಗಸೊಬ್ಬರು ಇಡೀ ನಾಡಿನ ಸಭೆಗೆ ಮಾತನಾಡುವ ಸರದಿಯನ್ನು ಹಂಚಿದ್ದರೆಂಬ ತಿಳಿವು ಧೈರ್ಯವನ್ನು ಕೊಟ್ಟೀತು.